ಅವ್ವನ ಮುಂದಿನ ಹಲ್ಲು

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಎಂಬತ್ತರ ದಶಕದ ಮೊದಲಲ್ಲಿ ಹಲ್ಲಿನ ಡಾಕ್ಟರಾಗಿ ಇಳಕಲ್ಲಿಗೆ ಮರಳಿ, ಬಜಾರದಲ್ಲಿ ಖೋಲಿ ಹಿಡಿದು ಬೋರ್ಡು ಹಾಕಿದೆ. ಊರಿನವರಿಗೆ ಹಲ್ಲಿನ ಡಾಕ್ಟರೆಂದರೆ ಹಲ್ಲು ಕೀಳುವವನು. ಬೇಗ ಕಿತ್ತವನೇ ಜಾಣ.

ಆಗಲೇ ನನ್ನ ಅವ್ವನನ್ನು ಕಾಕಾ ಕರೆತಂದ. ಮೇಲಿನ ಸಾಲಿನ ಮುಂದಿನ ಹಲ್ಲೊಂದು ಅವಳನ್ನು ಹಣ್ಣು ಮಾಡಿತ್ತು. ರೊಟ್ಟಿ ಬಿಟ್ಟು ಗಂಜಿ ಕುಡಿಯುತ್ತಿದ್ದಳು.

"ಕಿತ್ತ ಒಗಿಯೋ ತಮ್ಮಾ, ಸಾಕಾಗೇತಿ," ಎಂದಳು.

ಹುಳುಕಿರಲಿಲ್ಲ. ಶರಬತ್ತಿನ ಅಂಗಡಿಯಿಂದ ಬರ್ಫದ ಚೂರು ತರಿಸಿ ತಾಗಿಸಿದೆ. ಚುಳ್ ಎಂದಿತು, ತೆಗೆದ ಕೂಡಲೇ ನಿಂತಿತು. ಹಲ್ಲಿಗೆ ಜೀವವಿತ್ತು. ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಮಾತ್ರ ಅವ್ವ ಕುರ್ಚಿಯಿಂದಲೇ ಎದ್ದಳು. ಬಾವು ಹಲ್ಲಿನೊಳಗಲ್ಲ, ಬೇರಿನ ಸುತ್ತ ಇತ್ತು.

"ಕೀಳೂದಿಲ್ಲ," ಎಂದೆ.

ಕಾಕಾ ಹೊರಗೆ ಕುಳಿತವರಿಗೂ ಕೇಳುವಂತೆ ನಕ್ಕ. "ಇಷ್ಟ ಓದಿಸಿದ್ರ ಒಂದ್ ಹಲ್ಲ ಕೀಳಾಕ ಬರೂದಿಲ್ಲೇನಲೇ ನಿನಗ?"

ಹೊರಗಿನವರು ಎದ್ದುಹೋದರೆ ಬೋರ್ಡು ಇಳಿಸಬೇಕು. ಆದರೆ ಅವ್ವನ ಜೀವಂತ ಹಲ್ಲು ಕಿತ್ತರೆ ನಾನು ಕಲಿತದ್ದೆಲ್ಲ ಸುಳ್ಳು.

ಕಾರಣ ಹುಡುಕುತ್ತ ಸಂಜೆ ಮನೆಯ ಮಗ್ಗದ ಪಕ್ಕ ಕುಳಿತೆ. ಅವ್ವ ಹರಿದ ಎಳೆಗೆ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ಜಗ್ಗಿ ತುಂಡರಿಸುತ್ತಿದ್ದಳು. ನೋವಿಗೆ ಮುಖ ಕಿವುಚಿ, ಮತ್ತೆ ಅದೇ ಹಲ್ಲಿಗೆ ಎಳೆ ಕೊಡುತ್ತಿದ್ದಳು. ನಮ್ಮ ಓಣಿಯ ಹೆಂಗಸರೆಲ್ಲ ಹಾಗೆಯೇ. ಹುಟ್ಟಿದಾಗಿನಿಂದ ನೋಡಿದ್ದೆ, ಕಣ್ಣಿಗೆ ಬಿದ್ದದ್ದು ಅಂದೇ.

"ಕತ್ತರಿ ಇಲ್ಲೇನಬೇ?"

"ಕತ್ತರಿ ಹುಡುಕಬೇಕು. ಹಲ್ಲು ಬಾಯಾಗ ಇರತೈತಿ."

ಮರುದಿನ ಆ ಹಲ್ಲಿಗೆ ಬಡಿಯುತ್ತಿದ್ದ ಕೆಳಹಲ್ಲಿನ ಅಂಚನ್ನು ಕೂದಲೆಳೆಯಷ್ಟು ತಿಕ್ಕಿ, ಭಾರ ಬೀಳದಂತೆ ಮಾಡಿದೆ. ಬಾವು ಇಳಿಯಲು ಗುಳಿಗೆ, ಮುಕ್ಕಳಿಸಲು ಉಪ್ಪು ಹಾಕಿದ ಬಿಸಿನೀರು, ಮೆತ್ತನೆಯ ಊಟ. ಜೊತೆಗೆ ಕತ್ತರಿಗೆ ದಾರ ಕಟ್ಟಿ ಅವಳ ಕೊರಳಿಗೇ ಹಾಕಿದೆ.

"ಕೊರಳಾಗ ಲಿಂಗ ಇತ್ತು, ಈಗ ಕತ್ತರಿನೂ ಬಂತು!" ಎಂದು ಬೈದಳು. ಆದರೆ ತೆಗೆಯಲಿಲ್ಲ.

ನೋವು ಅಂದೇ ಹೋಗಲಿಲ್ಲ. ಕಾಕಾ ದಿನಾ ಬಂದು, "ಇನ್ನೂ ಐತೇನು ಹಲ್ಲು?" ಎಂದು ಕೆಣಕುತ್ತಿದ್ದ. ಮುಂದಿನ ವಾರ ಒಂದು ಮಧ್ಯಾಹ್ನ ಅವ್ವ ಬುಟ್ಟಿಯಿಂದ ಖಡಕ್ ರೊಟ್ಟಿ ತೆಗೆದು, ಅವನೆದುರೇ ಆ ಹಲ್ಲಿನಿಂದ ಕಚ್ಚಿದಳು. ಸಪ್ಪಳ ಅಂಗಳದವರೆಗೆ ಹೋಯಿತು.

"ಕೇಳಿಸ್ತೇನಪಾ ಮೈದುನಾ? ನನ್ನ ಮಗ ಉಳಿಸಿದ ಹಲ್ಲು!"

ಮರುದಿನ ನಾನು ಬಾಗಿಲು ತೆರೆಯುವ ಮೊದಲೇ ಕಾಕಾ ಖೋಲಿಯ ಮುಂದೆ ಗಲ್ಲ ಹಿಡಿದುಕೊಂಡು ನಿಂತಿದ್ದ.

"ನನ್ನ ದವಡಿ ಹಲ್ಲೂ ಒಂದಿಷ್ಟ ನೋಡ್ರಿ ಡಾಕ್ಟರ," ಎಂದ. "ಮತ್ತ, ಕೀಳೂ ಮಾತ ತಗೀಬ್ಯಾಡ್ರಿ."