ಬೀರಲಿಂಗಪ್ಪ ಸಾಕಿದ ಗಂಡು ಹಕ್ಕಿ

ಹೆಬ್ಬಳ್ಳಿಯ ಬೀರಲಿಂಗಪ್ಪನಿಗೆ ಕುರಿ ಬಿಟ್ಟರೆ ಬೇರೆ ಜಗತ್ತು ಗೊತ್ತಿರಲಿಲ್ಲ. ಅಂಥವನನ್ನು ತನಗಿಂತ ಎತ್ತರದ ಉಷ್ಟ್ರಪಕ್ಷಿಗಳ ನಡುವೆ ತಂದು ನಿಲ್ಲಿಸಿದವನು ರಾಜಶೇಖರ. ಅವನದು ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಮನೆತನ. ಮನೆಯ ಹೊಸ್ತಿಲೊಳಗೆ ಕೋಳಿತತ್ತಿಯೂ ಬರುವಂತಿಲ್ಲ, ಹೊಲದಲ್ಲಿ ಮಾತ್ರ ಮಾಂಸಕ್ಕೆಂದು ಹಕ್ಕಿ ಸಾಕುವ ಫಾರ್ಮು! ಊರು ಬಾಯಿಗೆ ಸೆರಗು ಹಿಡಿದು ನಕ್ಕಿತು. ನಗಲಿ ಬಿಡಿ, ಊರಿಗೆ ಇನ್ನೇನು ಕೆಲಸ.

ರಾಜಶೇಖರನ ಲೆಕ್ಕಾಚಾರ ಸರಳ. ಪ್ರತಿ ಸಲದ ಮರಿಗಳಲ್ಲಿ ಬೇಗ ಬೆಳೆದು ಮೈತುಂಬಿಕೊಂಡದ್ದನ್ನು ತಳಿಗೆ ಇಟ್ಟುಕೊಳ್ಳುವುದು, ಉಳಿದವನ್ನು ಮಾಂಸದ ವ್ಯಾಪಾರಿಗೆ ಕೊಡುವುದು. ಹಿಂಡಿಗೆ ಟಗರು ಆರಿಸಿ ಪಳಗಿದ ಬೀರಲಿಂಗಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಒಂದು ಮಳೆಗಾಲದಲ್ಲಿ ಕರೆಂಟು ಕೈಕೊಟ್ಟು, ಕಾವು ಕೊಡುವ ಮಶಿನ್ನಿನಲ್ಲಿ ಆಗಷ್ಟೇ ತತ್ತಿಯೊಡೆದ ಮರಿಗಳೆಲ್ಲ ಚಳಿಗೆ ಸತ್ತವು. ಉಸಿರಿದ್ದ ಒಂದೇ ಒಂದನ್ನು ಅವನು ಕಂಬಳಿಯಲ್ಲಿ ಸುತ್ತಿ ಮನೆಗೆ ಒಯ್ದ. ತಾಯಿ ಸತ್ತ ಕುರಿಮರಿಯನ್ನು ಅವನ ಜನ ಬದುಕಿಸುವುದು ಹಾಗೆಯೇ, ಮನೆಯೊಳಗೆ, ಮನುಷ್ಯರ ಮಗ್ಗುಲಲ್ಲಿ. ಹೆಂಡತಿ ಹೊಳೆವ್ವ ಮೆಂತೆಪಲ್ಲೆ ಸಣ್ಣಗೆ ಹೆಚ್ಚಿ ತಿನ್ನಿಸಿದಳು, ಮಲ್ಲ ಎಂದು ಹೆಸರಿಟ್ಟಳು. ಬಾಗಿಲಲ್ಲಿ ತಲೆ ತಾಗುವಷ್ಟು ಬೆಳೆದ ಮೇಲೆಯೇ ಮಲ್ಲ ಫಾರ್ಮಿಗೆ ವಾಪಸು ಹೋದದ್ದು. ಅಲ್ಲಿ ಅವನಷ್ಟು ಎತ್ತರದ, ಅವನಷ್ಟು ತೂಕದ ಗಂಡು ಇನ್ನೊಂದಿರಲಿಲ್ಲ.

“ತಳಿಗೆ ಇವನ ಇರ್ಲಿ,” ಎಂದ ರಾಜಶೇಖರ. ಬೀರಲಿಂಗಪ್ಪನ ಎದೆ ಉಬ್ಬಿತು.

ಪ್ರಾಯಕ್ಕೆ ಬಂದ ಮಲ್ಲನ ಕೊಕ್ಕು ಕೆಂಪೇರಿದಾಗ ಅವನ ಬೇಲಿಯೊಳಗೆ ಹೆಣ್ಣುಗಳನ್ನು ಬಿಟ್ಟರು. ಅವು ರೆಕ್ಕೆ ಇಳಿಬಿಟ್ಟು ಅವನ ಮುಂದೆ ಸುಳಿದಾಡಿದರೂ ಮಲ್ಲ ಕಣ್ಣೆತ್ತಿ ನೋಡಲಿಲ್ಲ. ಬೀರಲಿಂಗಪ್ಪ ಬಕೆಟ್ಟು ಹಿಡಿದು ಬಂದನೋ, ಓಡಿ ಬಂದು ಮೊಣಕಾಲೂರಿ ಕೂತು, ರೆಕ್ಕೆ ಹರಡಿ, ಕತ್ತನ್ನು ಅತ್ತಿತ್ತ ತೂಗುತ್ತಿದ್ದ.

“ನೋಡ್ರಿ ಸಾವ್ಕಾರ್ರ, ನನಗ ನಮಸ್ಕಾರ ಮಾಡಾಕತ್ತಾನ!” ಎಂದು ಬೀರಲಿಂಗಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ. ಪಾಪ, ಹುಚ್ಚು ಮನುಷ್ಯ. ಜನ ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಇತ್ತ ಹೆಣ್ಣುಗಳು ಇಟ್ಟ ತತ್ತಿಗಳನ್ನು ಬೆಳಕಿಗೆ ಹಿಡಿದರೆ ಎಲ್ಲವೂ ಬರಿದು, ಒಳಗೆ ಜೀವದ ಸುಳಿವಿಲ್ಲ.

ಧಾರವಾಡದಿಂದ ಪಶುವೈದ್ಯೆ ವಾಣಿಶ್ರೀ ಬಂದಳು. ಆ ಕುಣಿತ ನೋಡಿ ಆಕೆ ನಗಲಿಲ್ಲ.

“ಇದು ನಮಸ್ಕಾರ ಅಲ್ರಿ ಕಾಕಾ. ಹೆಣ್ಣಿನ ಮುಂದ ಕುಣಿಯೋ ಕುಣಿತ ಇದು. ಒಂಟಿ ಮರಿ, ಕಣ್ಣು ಬಿಟ್ಟಾಗಿಂದ ನಿಮ್ಮನ್ನಷ್ಟ ನೋಡೇತಿ. ತಾನೂ ಮನುಷ್ಯಾ ಅಂತ ತಿಳಕೊಂಡೇತಿ.”

ಬೀರಲಿಂಗಪ್ಪನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕುರಿಮರಿಗೆ ಎಂದೂ ಕೇಡಾಗದ ಅಕ್ಕರೆ ಈ ಹಕ್ಕಿಯ ಬಾಳನ್ನೇ ಕೆಡಿಸಿತ್ತು.

“ಸ್ವಲ್ಪ ದಿನ ಅದರ ಕಣ್ಣಿಗೆ ಬೀಳಬ್ಯಾಡ್ರಿ, ನೋಡೂಣು,” ಎಂದಳು ವಾಣಿಶ್ರೀ. ತತ್ತಿ ಇಡುವ ಈ ಹಂಗಾಮು ಮುಗಿಯುವುದರೊಳಗೆ ಒಂದಾದರೂ ತತ್ತಿ ಫಲಿಸದಿದ್ದರೆ ಮಲ್ಲನನ್ನೂ ಮಾಂಸದ ಗಾಡಿಗೇ ಹಾಕುವುದೆಂದು ರಾಜಶೇಖರ ಖಡಾಖಂಡಿತವಾಗಿ ಹೇಳಿದ.

ಬೀರಲಿಂಗಪ್ಪ ರಾಯಾಪುರದ ಒಂದು ಗೋದಾಮಿನಲ್ಲಿ ಚೀಲ ಹೊರಲು ಹೋದ. ಮಲ್ಲನಿಗೆ ಮೇವು ಹಾಕುವುದು ಬೇರೆ ಆಳಿನ ಪಾಲಾಯಿತು. ಹೊಳೆವ್ವ ಮರೆಯಲ್ಲಿ ನಿಂತು ನೋಡಿ ಬರುತ್ತಿದ್ದಳು. ಸಂಜೆ ಬಂದವನದು ಚಪ್ಪಲಿ ಬಿಡುವ ಮೊದಲೇ ಒಂದೇ ಪ್ರಶ್ನೆ.

“ಹೆಣ್ಣಿನ ಕೂಡ ಕೂಡಿದನೇನ?”

“ಇಲ್ರಿ. ಬೇಲಿಗೆ ಎದಿ ಹಚ್ಚಿ, ನೀವು ಬರೋ ದಾರಿ ನೋಡಕೋಂತ ನಿಂತಿರ್ತಾನ.”

ಬೀರಲಿಂಗಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಹೋಗಿ ಒಮ್ಮೆ ಮೈದಡವಿ ಬರಬೇಕೆಂದು ಜೀವ ತಹತಹಿಸಿದರೂ, ಅವನ ಒಳ್ಳೆಯದಕ್ಕೇ ಎಂದು ಹಲ್ಲು ಕಚ್ಚಿ ತಡೆದುಕೊಂಡ. ಹಂಗಾಮು ಮುಗಿಯಿತು. ತತ್ತಿಗಳು ಬರಿದಾಗಿಯೇ ಉಳಿದವು.

ಗಾಡಿ ಬಂದ ದಿನ ಮಲ್ಲ ಯಾರ ಕೈಗೂ ಸಿಗಲಿಲ್ಲ. ಒಬ್ಬನನ್ನು ಒದ್ದು ಕೆಡವಿದ. ರಾಜಶೇಖರನ ಫೋನು ಬಂತು.

“ನೀನ ಬರಬೇಕೋ ಬೀರಲಿಂಗಪ್ಪಾ. ಬ್ಯಾರೇದವ್ರಿಗೆ ಬಗ್ಗವಲ್ಲ.”

“ತಳಿಗೆ ಬ್ಯಾಡಾದ್ರ ಸುಮ್ನ ಒಂದ್ ಮೂಲ್ಯಾಗ ಇರ್ಲಿ ಬಿಡ್ರಿ, ಸಾವ್ಕಾರ್ರ.”

“ನಿಮ್ಮ ಹಿಂಡಿನ್ಯಾಗ ಹೆಣ್ಣು ಹತ್ತದ ಟಗರು ಇಟಗೋತಿದ್ದಿ ಏನ?”

ಅಂಥ ಟಗರುಗಳನ್ನು ಬೀರಲಿಂಗಪ್ಪನೇ ಕಿವಿ ಹಿಡಿದು ಕಟುಕರಿಗೆ ಒಪ್ಪಿಸಿದ್ದ, ಒಂದು ಸಲವೂ ತಿರುಗಿ ನೋಡಿರಲಿಲ್ಲ. ಬೇರೆಯವರು ಹೊಡೆದು ಬಡಿದು ಹತ್ತಿಸುವುದಕ್ಕಿಂತ ತಾನೇ ಹೋಗುವುದು ಮೇಲೆನ್ನಿಸಿ ಹೊರಟ.

ದೂರದಿಂದಲೇ ಗುರುತು ಹಿಡಿದು ಮಲ್ಲ ಓಡಿ ಬಂದ. ಮಣ್ಣಿನಲ್ಲಿ ಕೂತು, ರೆಕ್ಕೆ ಹರಡಿ, ಇಷ್ಟು ದಿನದ್ದೆಲ್ಲ ಒಮ್ಮೆಗೇ ಎಂಬಂತೆ ಕುಣಿದ. ಬೀರಲಿಂಗಪ್ಪ ಕುಣಿತ ಮುಗಿಯುವವರೆಗೂ ನಿಂತ. ಆಮೇಲೆ ಬಾಗಿದ ಆ ತಲೆಯ ಮೇಲೆ ಅಂಗಿಯ ತೋಳಿನಂಥ ಬಟ್ಟೆ ಏರಿಸಿ ಮಲ್ಲನ ಕಣ್ಣು ಮುಚ್ಚಿದ. ಕತ್ತಲಾದದ್ದೇ ಮಲ್ಲ ಸುಮ್ಮನಾದ; ಅವನ ಹೆಗಲಿಗೆ ಮೈಯಾನಿಸಿ ಗಾಡಿ ಹತ್ತಿದ. ಇಷ್ಟು ನಂಬಿದ್ದಕ್ಕೆ ಬೀರಲಿಂಗಪ್ಪನಿಗೆ ತನ್ನ ಮೇಲೆಯೇ ಹೇಸಿಕೆ ಬಂತು.

ಗಾಡಿ ಹೋಯಿತು. ರಾಜಶೇಖರ ಅವನನ್ನು ಮತ್ತೆ ಕೆಲಸಕ್ಕೆ ಕರೆದ. ಹೊಸ ಮರಿಗಳ ಕೋಣೆಯ ಬಾಗಿಲು ತೆರೆದದ್ದೇ ತಡ, ಅವೆಲ್ಲ ಚಿಲಿಪಿಲಿ ಎನ್ನುತ್ತ ಅವನ ಕಾಲಿಗೆ ಮುತ್ತಿಕೊಂಡವು.

“ನಡೀರಿ ಆಕಡೆ! ನಿಮ್ಮವ್ವನ ಹಂತ್ಯಾಕ ನಡೀರಿ!” ಎಂದು ಚಪ್ಪಾಳೆ ತಟ್ಟಿ ಗದರಿಸಿದ. ಮಶಿನ್ನಿನಿಂದ ಬಂದ ಮರಿಗಳಿಗೆ ಅವ್ವ ಎಲ್ಲಿಂದ ಬರಬೇಕು? ಅವು ಒಂದಿಷ್ಟು ದೂರ ಸರಿದು, ಮತ್ತೆ ಅವನ ಹತ್ತಿರವೇ ಓಡಿ ಬಂದವು.