ಖಾಲಿ ಡಬ್ಬಗಳ ಗೋಡೆ

ಕೆಲಸಕ್ಕೆ ಸೇರುವ ಮೊದಲೇ ನಾನು ಆ ಅಂಗಡಿಯ ಗೋಡೆಗೆ ಮರುಳಾಗಿದ್ದೆ. ನೆಲದಿಂದ ಸೂರಿನವರೆಗೆ ಕಂಪ್ಯೂಟರ್ ಡಬ್ಬಗಳು, ಎಲ್ಲದರ ಮೇಲೂ ಒಂದೇ ಕಂಪನಿಯ ಹೆಸರು. ಇಷ್ಟು ಸರಕಿರುವ ಕಡೆ ಸಂಬಳಕ್ಕೇನು ಬರ ಎಂದುಕೊಂಡೆ. ಮೊದಲ ದಿನ ಮೇಲಿನ ಡಬ್ಬವೊಂದನ್ನು ಇಳಿಸಲು ಹೇಳಿದರು. ಬೆಲ್ಟು ಬಿಗಿದು, ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎತ್ತಿದೆ. ಡಬ್ಬ ಹತ್ತಿಯಂತೆ ಎದ್ದುಬಂತು. ನಾನು ಆಯತಪ್ಪಿ ಹಿಂದಕ್ಕೆ ಹೋಗಿ, ಸ್ಟೂಲಿನ ಮೇಲಿದ್ದ ಗಿರಾಕಿಯೊಬ್ಬರ ತೊಡೆಯ ಮೇಲೆ ಕೂತೆ.

“ಎಲ್ಲ ಖಾಲಿ ಕಣೋ,” ಎಂದರು ಅಂಗಡಿಯ ಒಡತಿ, ನಗದೆ. “ಕಂಪನಿಯವರು ಬಂದಾಗ ಅಂಗಡಿ ತುಂಬಿದ ಹಾಗೆ ಕಾಣಬೇಕಲ್ಲ. ಇಲ್ದಿದ್ರೆ ಡೀಲರ್ ಬೋರ್ಡೇ ಕಿತ್ಕೊಂಡು ಹೋಗ್ತಾರೆ.”

ನನಗೆ ಅವರು ಅಕ್ಕ. ಬೀದಿಯವರ ಬಾಯಲ್ಲಿ ಡಬ್ಬದಕ್ಕ.

ಹಿಂದೆ ಕಂಪನಿಯ ಹಳೆಯ ಮ್ಯಾನೇಜರು ನಮ್ಮ ಸ್ಟೂಲಿನ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದರಂತೆ. ಯಾರಾದರೂ ನೇರ ಕಂಪನಿಗೇ ಫೋನ್ ಮಾಡಿದರೆ “ನಮ್ಮ ತಂಗಿ ಅಂಗಡಿಗೆ ಹೋಗಿ” ಎನ್ನುತ್ತಿದ್ದರಂತೆ. ಡಬ್ಬಗಳು ಖಾಲಿ ಎಂಬುದು ಅವರಿಗೂ ಗೊತ್ತಿತ್ತು. ಕೆಳಗಿನ ಸಾಲು ಜೋಡಿಸಿಕೊಟ್ಟವರೇ ಅವರು.

ಅವರು ನಿವೃತ್ತರಾದರು. ಕಂಪನಿ ತಾನೇ ವೆಬ್‌ಸೈಟಿನಲ್ಲಿ ಮಾರಾಟಕ್ಕಿಳಿಯಿತು. ಜನ ನಮ್ಮಲ್ಲಿ ಕೀಬೋರ್ಡು ಒತ್ತಿ ನೋಡಿ, ಮನೆಗೆ ಹೋಗಿ ವೆಬ್‌ಸೈಟಿನಲ್ಲಿ ಕೊಳ್ಳತೊಡಗಿದರು. ಯಂತ್ರ ಕೆಟ್ಟರೆ ಮಾತ್ರ ಮತ್ತೆ ಅಕ್ಕನ ಬಾಗಿಲಿಗೆ. ಜೊತೆಗೆ ಹೊಸ ನಿಯಮವೊಂದು ಬಂತು: ದೊಡ್ಡ ಗಿರಾಕಿ ಸಿಕ್ಕರೆ ಡೀಲರು ಮೊದಲೇ ಅವರ ಹೆಸರನ್ನು ಕಂಪನಿಗೆ ತಿಳಿಸಬೇಕು; ತಿಳಿಸಿದರೆ ಬೆಲೆಯಲ್ಲಿ ರಿಯಾಯಿತಿ, ಆ ಗಿರಾಕಿಯ ತಂಟೆಗೆ ಕಂಪನಿ ಬರುವುದಿಲ್ಲ. ಅಕ್ಕ ನಂಬಿ ಒಂದು ಆಸ್ಪತ್ರೆಯ ಹೆಸರು ಕೊಟ್ಟರು. ಆಸ್ಪತ್ರೆಗೆ ಕಂಪ್ಯೂಟರುಗಳು ಹೋದವು, ನೇರ ಕಂಪನಿಯಿಂದ.

ಆಮೇಲೆ ಕಾಲೇಜೊಂದರ ಲ್ಯಾಬಿಗೆ ಕಂಪ್ಯೂಟರುಗಳು ಬೇಕೆಂಬ ಮಾತು ಬಂತು. ಇದೂ ಕೈತಪ್ಪಿದರೆ ಅಂಗಡಿಗೆ ಬೀಗ, ನನಗೆ ಬೀದಿ. ರಿಯಾಯಿತಿ ಇಲ್ಲದಿದ್ದರೂ ಸರಿ, ಈ ಸಲ ಹೆಸರು ಕೊಡುವುದಿಲ್ಲ ಎಂದರು ಅಕ್ಕ. ಅಂದಿನಿಂದ ಅವರಿಗೆ ಕೂರಲಾಗಲಿಲ್ಲ. ಒರೆಸಿದ ಗಾಜನ್ನೇ ಒರೆಸುವುದು, ಬಾಗಿಲಿಗೆ ಹೋಗುವುದು, ಫೋನಿಗೆ ಜೀವ ಇದೆಯೇ ಎಂದು ಕಿವಿಗಿಡುವುದು.

“ಸ್ವಲ್ಪ ಕೂತ್ಕೊಳ್ಳಿ ಅಕ್ಕ.”

“ಕೂತ್ರೆ ಯೋಚನೆ ಬರುತ್ತೆ ಕಣೋ. ನೀನು ಬೆಳಗ್ಗಿಂದ ಕೂತೇ ಇದೀಯ, ನಿಂಗೇನಾದ್ರೂ ಬಂತಾ?”

ಬಂದದ್ದು ಆಕಳಿಕೆ ಮಾತ್ರ.

ಕೊನೆಗೆ ಅವರೇ ಕಾಲೇಜಿಗೆ ಹೋಗಿ, “ಕೆಟ್ಟರೆ ನಾನೇ ಬರ್ತೀನಿ, ಕಂಪನಿಯವರ ಹಾಗೆ ಫೋನಲ್ಲಿ ಒಂದು ಒತ್ತಿ ಎರಡು ಒತ್ತಿ ಅನ್ನಲ್ಲ” ಎಂದು ಪ್ರಾಂಶುಪಾಲರಿಗೆ ಮಾತು ಕೊಟ್ಟು, ಆರ್ಡರ್ ಹಿಡಿದು ಬಂದರು. ಲಾಭ ಉಗುರಿನಷ್ಟು. ಆದರೂ ನಾನು ಕುಣಿದೆ.

ಸುದ್ದಿ ಕಂಪನಿಗೆ ಮುಟ್ಟಿತು. ನನ್ನ ವಯಸ್ಸಿನ ಹೊಸ ಅಧಿಕಾರಿಯೊಬ್ಬ ಬಂದ. ಸ್ಟೂಲು ಕೊಟ್ಟರೆ ಕೂರದೆ ಡಬ್ಬಗಳ ಗೋಡೆಗೆ ಒರಗಿದ. ಗೋಡೆ ಮೆಲ್ಲಗೆ ಬಾಗಿ, ಡಬ್ಬಗಳೆಲ್ಲ ಅವನ ತಲೆಯ ಮೇಲೆ ಉರುಳಿದವು. ನೋವೇನೂ ಆಗಲಿಲ್ಲ, ಅದೇ ನಮ್ಮ ಗ್ರಹಚಾರ.

“ಡಬ್ಬ ಖಾಲಿ. ಕಾಲೇಜಿನ ವಿಷಯವೂ ಮುಚ್ಚಿಟ್ರಿ,” ಎಂದು ಕೋಟು ಕೊಡವಿಕೊಂಡ. “ನೇರವಾಗಿ ಹೇಳಿ ಮೇಡಂ, ನಮ್ಮ ಕಂಪನಿ ಮೇಲೆ ನಿಮಗೆ ನಂಬಿಕೆ ಇದೆಯೋ ಇಲ್ವೋ?”

ಬೋರ್ಡು ಹೋಯಿತು ಎಂದುಕೊಂಡೆ. ಏನಾದರೂ ನಯವಾಗಿ ಹೇಳಿ ಅಕ್ಕ ಎಂದು ಕಣ್ಣಲ್ಲೇ ಬೇಡಿದೆ. ಅಕ್ಕ ಎಷ್ಟೋ ದಿನಗಳ ಮೇಲೆ ನಿಧಾನವಾಗಿ ಆ ಸ್ಟೂಲಿನ ಮೇಲೆ ಕೂತರು.

“ಇಲ್ಲ ಕಣಪ್ಪ. ಬೋರ್ಡು ಬೇಕಿದ್ರೆ ಬಿಚ್ಕೊಂಡು ಹೋಗು, ಏಣಿ ಹಿಂದುಗಡೆ ಇದೆ.”