ಶ್ರೀಶೈಲಪ್ಪನವರ ರುಮಾಲು

ಶ್ರೀಶೈಲಪ್ಪನವರು ಇಂಡಿ ತಾಲೂಕಿನ ಶಾಸಕರಾಗಿದ್ದಷ್ಟು ಕಾಲ ಅವರ ಬಳಿ ಬಹಳ ಅನುಕೂಲದ ಒಂದು ಉತ್ತರವಿತ್ತು. ಲಚ್ಯಾಣದ ಆಚೆ, ರೈಲು ಹಳಿಗೆ ಹತ್ತಿಕೊಂಡೇ ಇರುವ ಸಣ್ಣ ಊರಿನವರು ಬಂದು ತಮ್ಮಲ್ಲಿ ಗಾಡಿ ನಿಲ್ಲಿಸಿಕೊಡಿ ಎಂದು ಕೇಳಿದರೆ, "ರೈಲು ದಿಲ್ಲಿಯವರ ಕೈಯಾಗ ಐತ್ರಿ, ನನ್ನ ಕೈಯಾಗ ಏನೈತಿ?" ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು. ಮಾತು ಸುಳ್ಳಲ್ಲ. ನಿಜ ಹೇಳಿಯೇ ಪಾರಾಗುವ ಕಲೆ ರಾಜಕಾರಣಿಗಳಿಗೆ ಚೆನ್ನಾಗಿ ಒಲಿದಿರುತ್ತದೆ.

೧೯೭೧ರಲ್ಲಿ ಅವರಿಗೆ ಲೋಕಸಭೆಯ ಟಿಕೆಟ್ಟು ಸಿಕ್ಕಿತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ತಿರುಗಿ ಧೂಳು ತಿಂದ ಜೀಪು ಕಡೆಗೆ ಆ ಊರಿಗೆ ಬಂತು. ಸೂಲಗಿತ್ತಿ ಶೇವಂತೆವ್ವ ಅಡ್ಡ ನಿಂತಳು. ಹೆರಿಗೆ ಕಷ್ಟವಾದ ಹೆಂಗಸರನ್ನು ಸೋಲಾಪುರದ ದವಾಖಾನೆಗೆ ಒಯ್ಯಲು ಲಚ್ಯಾಣ ಸ್ಟೇಷನ್ನಿನವರೆಗೆ ಎತ್ತಿನ ಗಾಡಿ ಓಡಿಸಬೇಕಿತ್ತು. ಕೆಲವರು ದಾರಿಯಲ್ಲೇ ತೀರಿಹೋಗಿದ್ದರು.

"ಇಷ್ಟ ದಿನ ದಿಲ್ಲಿ ದಿಲ್ಲಿ ಅಂದ್ರಿ. ಈಗ ನೀವ ದಿಲ್ಲಿಗಿ ಹೊಂಟೀರಿ. ಇನ್ನ ಏನ್ ಹೇಳ್ತೀರಿ?" ಎಂದು ಕೇಳಿದಳು.

ಜನ ನಕ್ಕರು. ಶ್ರೀಶೈಲಪ್ಪನವರಿಗೆ ರೋಷ ಬಂತು. ತಲೆಯ ರುಮಾಲು ಬಿಚ್ಚಿ ಜೀಪಿನೊಳಗೆ ಒಗೆದರು. "ಇಲ್ಲಿ ರೈಲ ನಿಲ್ಲೂತನಕ ನಾ ರುಮಾಲ ಸುತ್ತೂದಿಲ್ಲ!"

ನಮ್ಮ ಕಡೆ ಅವರಂಥ ಹಿರಿಯರು ಬರಿತಲೆಯಲ್ಲಿ ಹೊರಬಿದ್ದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ದಿಲ್ಲಿಯಲ್ಲಿ ಮಾತ್ರ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಗೆದ್ದು ಹೋದ ಶ್ರೀಶೈಲಪ್ಪನವರು ಅರ್ಜಿ ಕೊಟ್ಟರು, ಮಂತ್ರಿಗಳ ಬಾಗಿಲು ಕಾದರು, ಹರಕುಮುರುಕು ಹಿಂದಿಯಲ್ಲಿ ಸದನದಲ್ಲಿ ಪ್ರಶ್ನೆಯನ್ನೂ ಕೇಳಿದರು. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಶಾಸಕರಾಗಿದ್ದಾಗ ಮೈಗಳ್ಳತನ ಮಾಡಿದ ಮನುಷ್ಯ ಈಗ ನಿಜವಾಗಿ ದುಡಿದರು. ರೈಲು ನಿಲ್ಲಲಿಲ್ಲ.

೧೯೭೫ರಲ್ಲಿ ಮಗಳ ಮದುವೆ ಗೊತ್ತಾಯಿತು. "ಬೀಗರ ಮುಂದ ಬರೀ ತಲೀಲೆ ನಿಲ್ತೀರೇನು? ನಾ ಇನ್ನಾ ಸತ್ತಿಲ್ಲ" ಎಂದು ಹೆಂಡತಿ ಕಸ್ತೂರೆವ್ವ ಅತ್ತಳು.

"ಮಾತ ಕೊಟ್ಟೇನಿ" ಎಂದಷ್ಟೇ ಹೇಳಿದರು.

ಹಂದರದಲ್ಲಿ ಆಹೇರಿ ನಡೆದಿತ್ತು. ಬಂಧುಬಳಗದವರು ಬಟ್ಟೆಬರೆ ಕೊಟ್ಟು ಗೌರವಿಸುತ್ತಿದ್ದರು. ಅಷ್ಟರಲ್ಲಿ ಶೇವಂತೆವ್ವ ಊರ ಮಂದಿಯ ಜೊತೆ ಬಂದಳು. ಅವಳ ಕೈಯಲ್ಲಿ ಹೊಸ ರುಮಾಲಿತ್ತು. ಶ್ರೀಶೈಲಪ್ಪನವರ ಮುಖ ಅರಳಿತು.

"ಏನವ್ವಾ, ರೈಲ ನಿಂತಿತೇನು?"

"ಇಲ್ರಿ. ಅದು ನಿಲ್ಲೂದಿಲ್ಲ ಅಂತ ನಮಗ ತಿಳದೈತಿ. ಮಗಳ ಮದಿವ್ಯಾಗ ನೀವ್ಯಾಕ ಹಿಂಗ ನಿಲ್ತೀರಿ? ಊರವರೆಲ್ಲಾ ಕೂಡಿ ನಿಮ್ಮನ್ನ ಆ ಮಾತಿನಿಂದ ಬಿಟ್ಟೇವಿ. ಸುತ್ತಿಕೋರಿ."

ಸುತ್ತಿಕೊಂಡರು. ನಾಲ್ಕು ವರ್ಷ ರೂಢಿ ತಪ್ಪಿ ಸುತ್ತು ಸರಿಯಾಗಿ ಕೂಡಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಆಮೇಲೆ ಹೆಂಡತಿಯ ಹತ್ತಿರ ಅಂದರಂತೆ.

೧೯೭೭ರ ಚುನಾವಣೆಯಲ್ಲಿ ಅವರ ಜೀಪು ಎಲ್ಲ ತಾಲೂಕು ತಿರುಗಿತು, ಆ ಊರಿಗೆ ಮಾತ್ರ ಹೋಗಲಿಲ್ಲ. ಆದರೂ ಆ ಊರಿನವರು ವೋಟು ಅವರಿಗೇ ಹಾಕಿದರು. ಗೆದ್ದ ಶ್ರೀಶೈಲಪ್ಪನವರು ಇಂಡಿಯಲ್ಲಿ ದಿಲ್ಲಿಯ ದಾರಿಯ ರೈಲು ಹತ್ತಿದರು. ಲಚ್ಯಾಣ ಬರುತ್ತಲೇ ಕಿಟಕಿಯ ಬಾಗಿಲು ಇಳಿಸಿ ಮುಚ್ಚಿದರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಗಾಡಿ ಆ ಊರು ದಾಟುವತನಕ ಬರಿತಲೆಯಲ್ಲೇ ಕೂತರು.